ಉಶ್

ಕ್ಯುಸ್ತೆಂದಿಲ್ ಊರಾಚೆ, ಗುಡ್ಡದ ಮಗ್ಗುಲಲ್ಲಿ
ಹನ್ನೊಂದು ಚೆರ್ರಿ ಮರ ನಮ್ಮವು.
ಜೂನ್ ಬಂತೆಂದರೆ ಹನ್ನೊಂದೂ ಕೆಂಪು,
ಮೇಲೆ ಆಕಾಶ ಕಪ್ಪು:
ಕಬ್ಬಕ್ಕಿಗಳ ದಂಡು.

ಹೋದ ವರ್ಷ ಬಲೆ ಹೊದಿಸಿದ್ದೆ. ಅಗ್ಗದ್ದು.
ಹೊದಿಸಿದ್ದು ಕಣ್ಣಿಗೇ ಕಾಣದು, ಎಂದಿದ್ದ ಸಂತೆಯವನು.
ನಿಜ. ಹಕ್ಕಿಗೂ ಕಾಣಲಿಲ್ಲ.
ಬೆಳಿಗ್ಗೆ ಏಣಿ ಹತ್ತಿದರೆ
ತಲೆಕೆಳಗಾಗಿ ಒಂದು,
ರೆಕ್ಕೆಗೆ ಮೂರು ಸುತ್ತು, ಕಾಲಿಗೆ ಎರಡು.
ನಲವತ್ತು ವರ್ಷ ಮದುವೆಬಟ್ಟೆ ಹೊಲಿದ ಕೈ,
ರೇಷ್ಮೆ ಹರಿಯದಂತೆ ತಪ್ಪು ಹೊಲಿಗೆ ಬಿಚ್ಚಿದ ಕೈ,
ಅಂದು ನಡುಗಿತು.
ಅಂಗೈಯೊಳಗೆ ಅದರ ಎದೆ
ನನ್ನ ಮಿಷಿನ್ನಿಗಿಂತ ಜೋರಾಗಿ ಓಡುತ್ತಿತ್ತು.
ಕೊನೆಯ ಎಳೆ ಕತ್ತರಿಸಿದ್ದೇ ತಡ
ಬೆರಳು ಕುಕ್ಕಿ ಹಾರಿಹೋಯಿತು.
ಸರಿಯೇ. ನಾನಾದರೂ ಕಚ್ಚುತ್ತಿದ್ದೆ.

ಈ ವರ್ಷ ಬಿಳಿ ಬಲೆ, ದಪ್ಪ ದಾರ,
ಕಿರುಬೆರಳೂ ತೂರದ ಕಣ್ಣು.
ಬಿಗಿಯಾಗಿ ಎಳೆದು, ಅಂಚು ಮಡಚಿ, ಲಂಗಕ್ಕೆ ಹಾಕುವ ಹಾಗೆ ಹೊಲಿಗೆ ಹಾಕಿದೆ.
ಮೂರು ಮರಕ್ಕೇ ದುಡ್ಡು ಮುಗಿಯಿತು.
ಏಳಕ್ಕೆ ರಾಡ್ಕೊನ ಕ್ಯಾಸೆಟ್ಟುಗಳು,
ರೇಡಿಯೋದಿಂದ ಹಿಡಿದಿಟ್ಟ ಫುಟ್‌ಬಾಲ್ ವರದಿಗಳು.
"ಸೋತ ಪಂದ್ಯ ಮಾತ್ರ ಬಿಚ್ಚು," ಅಂದ,
ಗೆದ್ದವನ್ನು ಮಂಚದ ಕೆಳಗೆ ತಳ್ಳುತ್ತ.
ಏಳು ಮರದ ತುಂಬ ಸೋಲು
ಮಿರಮಿರ ಮಿಂಚಿತು, ಗಾಳಿಗೆ ಗುಂಯ್ ಎಂದಿತು.
ನಾಲ್ಕು ದಿನ ಹೆದರಿದವು.
ಐದನೆಯ ದಿನ ಟೇಪಿನ ಮೇಲೇ ಕೂತು ಉಂಡವು.

ಬೇಲಿಯಂಚಿನ ಕೊನೆಯ ಮರ ಅವಕ್ಕೇ ಎಂದು ಬಿಟ್ಟಿದ್ದೆ.
ಹುಳಿಯಂತೆ. ಮೂಸಿಯೂ ನೋಡಲಿಲ್ಲ.

ಇನ್ನು ಉಳಿದದ್ದು ನಾನು:
ಬೆಳಕು ಹರಿಯುವ ಮುಂಚೆ ತಗಡಿನ ತಟ್ಟೆ, ಮರದ ಸೌಟು,
ಮತ್ತು ಈ ಗಂಟಲು. ಉಶ್! ಉಶ್!
ಗೋಡೆಯಾಚೆ ವೆಲಿಚ್ಕಾ ಕಿಟಕಿ ತೆರೆದು ಕೇಳುವಳು,
ಇವತ್ತು ಗಂಡ ಏನು ಮಾಡಿದ?

ನಿನ್ನೆ ಅಂಗಳದಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ,
ಬಾಯಿ ಲೋಟಕ್ಕೆ ಅಂಟಿತ್ತು.
ಆದರೂ ಮರದಿಂದ ಕೇಳಿಸಿತು: ಉಶ್!
ನನ್ನದೇ ದನಿ,
ಕೊನೆಯಲ್ಲಿ ಒಡೆಯುವುದೂ ಸಮೇತ.
ದಂಡಿಗೆ ದಂಡೇ ಭರ್ರನೆ ಎದ್ದು ಗುಡ್ಡ ದಾಟಿತು.
ಒಂದು ಮಾತ್ರ ಉಳಿಯಿತು ತುದಿಕೊಂಬೆಯಲ್ಲಿ,
ಗಂಟಲ ಗರಿ ಉಬ್ಬಿಸಿಕೊಂಡು.
ಆ ಕಡೆ ನೋಡಿತು, ಈ ಕಡೆ ನೋಡಿತು,
ಸಾವಕಾಶವಾಗಿ ಒಂದು ಹಣ್ಣು ಆರಿಸಿಕೊಂಡಿತು.

ಬೆರಳ ಮೇಲಿನ ಹಳೆಯ ಕಲೆ ಸವರಿಕೊಂಡೆ.
ಸೌಟನ್ನು, ಸದ್ದಾಗದ ಹಾಗೆ,
ಬೆಂಚಿನ ಮೇಲಿಟ್ಟೆ.