ಇನಾಸಪ್ಪ ಮೇಷ್ಟ್ರಿಗೆ, ಒಂದು ಕೆಮ್ಮು

ಸಕಲೇಶಪುರದ ಎಸ್ಟೇಟ್ ಹರಾಜಿನಲ್ಲಿ ಕೊಂಡ ಪಿಯಾನೊ
ಆಲೂಗಡ್ಡೆ ಲಾರಿಯಲ್ಲಿ ಹಾಸನಕ್ಕೆ ಬಂತು.
ತಿಂಗಳಾದ ಮೇಲೆ ಒಳಗಿಂದ ಮೊಳಕೆಯೊಂದು ಇಣುಕಿದಾಗ
"ಶ್ರುತಿ ಏರ್ತಾ ಇದೆ" ಅಂದಿರಿ.

ಮೂರು ಪಕ್ಷಕ್ಕೂ ಚುನಾವಣೆ ಹಾಡು ಕಟ್ಟಿದಿರಿ,
ಧಾಟಿ ಒಂದೇ.
ಮೂವರೂ ದುಡ್ಡು ಕೊಡಲಿಲ್ಲ,
ಅದೊಂದರಲ್ಲಿ ಅವರಿಗೆ ಒಮ್ಮತ.
ಹೋಟೆಲ್ ಬಾಕಿಗೆ ಬೋಂಡಾದ ಮೇಲೊಂದು ಶೋಕಗೀತೆ ಬರೆದುಕೊಟ್ಟಿರಿ;
ಕಮಲಾಕ್ಷ ಭಟ್ಟರು ಲೆಕ್ಕದ ಪುಸ್ತಕದಲ್ಲಿ ಗೀಚಿಕೊಂಡರು:
"ಹಾಡು, ಒಂದು. ಇನ್ನೂ ಎಂಬತ್ತು ರೂಪಾಯಿ."

ನಟ್ಟನಡುವೆ ಬಿಳಿ ಮನೆಯೊಂದು
ಗೆದ್ದಲಿನ ಪಾಲಾಗಿತ್ತು, ಒತ್ತಿದರೆ ಉಸಿರಿಲ್ಲ.
ಅಲ್ಲಿಗೆ ಬಂದಾಗಲೆಲ್ಲ ನೀವು ಕೆಮ್ಮುತ್ತಿದ್ದಿರಿ,
ತಾಳಕ್ಕೆ ಸರಿಯಾಗಿ, ಸ್ವರಕ್ಕೂ ತಕ್ಕಮಟ್ಟಿಗೆ.
ಡಾಕ್ಟರು ಮಾತ್ರ ಅದನ್ನು ಸಂಗೀತ ಅನ್ನಲಿಲ್ಲ.

ಗುರುವಾರ, ಚರ್ಚಿನಲ್ಲಿ, ನಿಮ್ಮ ಪೆಟ್ಟಿಗೆ.
ಪಕ್ಕದಲ್ಲಿ, ಅದಕ್ಕಿಂತ ದೊಡ್ಡದು, ನಿಮ್ಮ ಇನ್ನೊಂದು ಪೆಟ್ಟಿಗೆ.
ಶಿಷ್ಯೆ ಫಿಲೋಮಿನಾ ನುಡಿಸಲು ಕೂತಳು.
ಆ ಮನೆ ಬಂತು. ಬೆರಳು ಇಳಿಯಿತು.
ಏನೂ ಇಲ್ಲ.

ಹಿಂದಿನ ಬೆಂಚಿನಿಂದ ಭಟ್ಟರು ಕೆಮ್ಮಿದರು.

ಮುಂದಿನ ಸುತ್ತಿಗೆ ಮೂರು ಪಕ್ಷದವರು,
ಡಾಕ್ಟರು, ಲಾರಿ ಡ್ರೈವರು,
ಪಾದ್ರಿಗಳೂ ಸೇರಿ ಇಡೀ ಚರ್ಚು.

ಕೊಂಚ ತಡವಾಗಿಯೇ ಕೆಮ್ಮಿದೆವು, ಮೇಷ್ಟ್ರೇ.
ಬೈಯಲು ನೀವಿರಲಿಲ್ಲ.