ಬ್ಯಾಟರಿ ದೋಣಿ

ಶಾಲೆಗೊಂದು ಸೂಕ್ಷ್ಮದರ್ಶಕ ಬಂದಿತ್ತು, ಗಾಜು ಒಡೆದುಕೊಂಡೇ.
ಕಾಂಪೊಂಗ್ ಛನಾಂಗಿನ ಕಚೇರಿಗೆ ಎರಡು ಸಲ ಬರೆದೆ.
ಆಮೇಲೆ ಕಿಟಕಿ ತೆರೆದು ಹೇಳಿದೆ:
ಅಗೋ, ಅಲ್ಲಿ ತೇಲುತ್ತಿದೆಯಲ್ಲ ನಮ್ಮೂರು,
ಅದನ್ನೇ ನೋಡಿ. ಜೀವಕೋಶ ಅಂದರೆ ಹೆಚ್ಚುಕಮ್ಮಿ ಅದೇ.

ಮಕ್ಕಳು ನಕ್ಕರು. ನಮ್ಮೂರಿಗೆ ನೆಲವೇ ಇಲ್ಲ.
ತೊನ್ಲೆ ಸಾಪ್ ಉಕ್ಕಿದರೆ ಕಾಡಿನ ತಲೆಯ ಮೇಲಿರುತ್ತೇವೆ,
ಇಳಿದರೆ ಶಾಲೆಗೇ ಹಗ್ಗ ಕಟ್ಟಿ ಎಳೆದೊಯ್ಯುತ್ತೇವೆ
ಕರಿಹಲಗೆ, ಗಂಟೆ, ಹೆಡ್‌ಮಾಸ್ತರರ ಕೋಳಿಗೂಡು ಸಮೇತ.

ಹೇಳಿ, ಪೊರೆ ಯಾವುದು?
ಬಲೆ, ಅಂದ ರಿತ್ಥಿ.
ಸರಿ. ಸಣ್ಣದು ನುಸುಳುತ್ತದೆ, ದೊಡ್ಡದು ತಡೆಯುತ್ತದೆ.
ಆದರೆ ಬಲೆಗೆ ಮುಖಪರಿಚಯವಿಲ್ಲ;
ಪೊರೆಗೆ ಉಂಟು. ಸಕ್ಕರೆ ಬಂದು ನಿಂತರೆ
ಅದಕ್ಕೆಂದೇ ಇರುವ ಬಾಗಿಲು ತೆಗೆಯುತ್ತದೆ.

ಕೋಶಕೇಂದ್ರ? ಊರ ಮುಖ್ಯಸ್ಥನ ಮನೆ.
ಅಲ್ಲಿದೆ ಪ್ಲಾಸ್ಟಿಕ್ ಹೊದಿಸಿದ ದಪ್ಪ ದಫ್ತರ,
ಎಂದೂ ಹೊಸ್ತಿಲು ದಾಟದ್ದು.
ಬೇಕಾದ್ದನ್ನು ಅವನ ಸೊಸೆ ಚೀಟಿಯಲ್ಲಿ ನಕಲು ಮಾಡಿ ಕಳಿಸುತ್ತಾಳೆ.
ಚೀಟಿ ಓದಿ ಗಂಟಿಗೆ ಗಂಟು ಹಾಕಿ ನೇಯುವ ಹೆಂಗಸರು
ರೈಬೋಸೋಮುಗಳು. ಹೊಗೆಮೀನನ್ನು ಕಡ್ಡಿಗೆ ಪೋಣಿಸಿ
ಯಾವ ಬುಟ್ಟಿ ಯಾವ ಪೇಟೆಗೆ ಎಂದು ವಿಂಗಡಿಸುವ
ಯಾನ್ ಅಜ್ಜಿಯೇ ಗಾಲ್ಗಿ.
ಲೈಸೋಸೋಮ್ ಅಂದೊಡನೆ ಹಿಂದಿನ ಬೆಂಚು ಮೂಗು ಮುಚ್ಚಿಕೊಂಡಿತು:
ಪ್ರಹೊಕ್ ಜಾಡಿ! ಉಪ್ಪಿನಲ್ಲಿ ಮೀನು ಕರಗುವ ಜಾಡಿ,
ಒಡೆಯಿತೋ, ಮನೆ ಬಿಟ್ಟು ಓಡಬೇಕು.

ಎಲ್ಲ ಇಷ್ಟು ಸಲೀಸಾಗಿ ಹೊಂದಿದಾಗ
ನನಗೆ ಅನುಮಾನ ಬರಬೇಕಿತ್ತು.

ಮೈಟೋಕಾಂಡ್ರಿಯ ಎಂದು ಬರೆದೆ. ಸೀಮೆಸುಣ್ಣ ಇಳಿಸುವ ಮೊದಲೇ
ಇಡೀ ತರಗತಿ ಕೂಗಿತು: ತೂಯೆತ್ ಮನೆ!
ಹೌದು. ಅವಳಪ್ಪನದು ಬ್ಯಾಟರಿ ದೋಣಿ.
ಬೆಳಿಗ್ಗೆ ಸತ್ತ ಬ್ಯಾಟರಿ ಕೊಟ್ಟು ಸಂಜೆ ಜೀವವಿರುವುದು ತರುತ್ತೇವೆ,
ಅದರಿಂದಲೇ ನಮ್ಮ ಬಲ್ಬು, ಟೀವಿ, ಬಸುರಿಯರ ಫ್ಯಾನು.
ತೂಯೆತ್ ಅಂದರೆ ಅವರ ವಿಯೆಟ್ನಾಮಿ ಮಾತಲ್ಲಿ ಹಿಮ.
ಹಿಮ ನಾಚಿ ಕೆಂಪಾಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪುಟ ತಿರುವಿ ಓದಿದೆ:
ಇದು ಒಂದಾನೊಂದು ಕಾಲದಲ್ಲಿ ಹೊರಗಿನದು.
ತನ್ನ ಪಾಡಿಗೆ ಬದುಕಿದ್ದನ್ನು ದೊಡ್ಡದೊಂದು ನುಂಗಿತು.
ನುಂಗಿದ್ದು ಅರಗಿಸಿಕೊಳ್ಳಲಿಲ್ಲ,
ನುಂಗಿಸಿಕೊಂಡದ್ದು ಉಂಡ ಮನೆಯ ಜಂತಿ ಎಣಿಸಲಿಲ್ಲ.
ಇಂದಿಗೂ ಅದರ ಬಳಿ ಅದರದೇ ಒಂದು ಚಿಕ್ಕ ದಫ್ತರ,
ತಾಯಿಯಿಂದಷ್ಟೇ ಮಕ್ಕಳಿಗೆ ಬರುವುದು.

ನೀರು ಶಾಲೆಯ ಪೀಪಾಯಿಗಳಿಗೆ ಬಡಿಯುವುದು ಕೇಳಿಸಿತು.
ರಿತ್ಥಿ, ಕೆಟ್ಟವನಲ್ಲ, ಕೇಳಿಯೇಬಿಟ್ಟ:
ಅಂದರೆ ಅವರು ನಮ್ಮವರಲ್ಲವಾ ಸಾರ್?
ಉತ್ತರ ಹುಡುಕುವಷ್ಟರಲ್ಲಿ ತೂಯೆತ್ ಎದ್ದು ನಿಂತಿದ್ದಳು:
ಎಷ್ಟು ವರ್ಷ ಆಗಿದೆ, ಅದು ಒಳಗೆ ಬಂದು?
ಸುಮಾರು ಇನ್ನೂರು ಕೋಟಿ.
ನಮ್ಮಜ್ಜಿ ಹುಟ್ಟಿದ್ದು ಇಲ್ಲೇ, ಅಂದಳು.
ಬೆರಳು ಮಡಚಿದಳು, ಮತ್ತೆ ಬಿಡಿಸಿ ಕೂತಳು.

ಅವಳ ಹೆಸರು ಮುಖ್ಯಸ್ಥನ ದಫ್ತರದಲ್ಲಿಲ್ಲ.
ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ.
ಮುಂದಿನ ಸಲ ನೀರು ಇಳಿದಾಗ ಅವರ ದೋಣಿಗಳನ್ನು
ದಡ ಹತ್ತಿಸುತ್ತಾರಂತೆ, ಯಾವ ದಡ ಅಂತ ಯಾರೂ ಹೇಳುವುದಿಲ್ಲ.
ಕೋಶ ಹೀಗೆ ಮಾಡುವುದಿಲ್ಲ, ಎಂದು ಹೇಳಲು ಹೊರಟೆ.
ಬಾಯಿಗೆ ಬಂದದ್ದು: ನಾಳೆ ಚಿತ್ರ ಬಿಡಿಸಿ ತನ್ನಿ.

ಸಂಜೆ ಐನೂರು ರಿಯಲ್ ಕೊಟ್ಟು ಬ್ಯಾಟರಿ ಹೊತ್ತು ತಂದೆ.
ಮರುದಿನ ಅದರ ಬೆಳಕಲ್ಲೇ ಪುಸ್ತಕ ತಿದ್ದಿದೆ.
ತೂಯೆತ್ ಎಲ್ಲ ಸರಿಯಾಗಿ ಬಿಡಿಸಿದ್ದಾಳೆ, ಹೆಸರು ಬರೆದಿಲ್ಲ.
ರಿತ್ಥಿ, ಮೈಟೋಕಾಂಡ್ರಿಯದ ಕೆಲಸ ಏನು ಎಂಬಲ್ಲಿ,
ಗುಂಡಗೆ ಬರೆದಿದ್ದಾನೆ: ತೂಯೆತ್ ಅಪ್ಪ.
ಕೆಂಪು ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದೆ.
ಅರ್ಧ ಅಂಕ ಹಾಕಿ, ಹೊಡೆದು, ಪೂರ್ತಿ ಹಾಕಿದೆ.