ಎರಡು ಕಾಗದ

ಉರುಗ್ವೇ ನದಿಯ ಪೈಸಾಂದೂ ಊರಲ್ಲಿ
ಜುಲೈ ಎಂದರೆ ಚಳಿ.
ಮೂವತ್ತೇಳರ ಮೋರಿಸ್ಸಿನ ಹೊಟ್ಟೆ ಬಿಚ್ಚಿ
ಆಯಿಲ್ ಪಂಪನ್ನು ಅಂಗೈಯಲ್ಲಿಟ್ಟುಕೊಂಡಿದ್ದಾಳೆ ನೇಲಿದಾ.
ಯೆರ್ಬಾ ಸೊಪ್ಪಿಗೆಂದು ಕಾಯಿಸಿದ ನೀರು
ಪಕ್ಕದಲ್ಲೇ ಆರುತ್ತಿದೆ.

ಎಂಜಿನ್ ತಣ್ಣಗಿದ್ದರೆ ಮುಳ್ಳು ಏರುತ್ತದೆ;
ಹತ್ತು ಕಿಲೋಮೀಟರು ಓಡಿ ಬಿಸಿಯಾಯಿತೋ,
ಬೈಸಿಕೊಂಡ ಮಗುವಿನ ಹಾಗೆ ಮೂಲೆ ಸೇರುತ್ತದೆ.
ಬೇರಿಂಗು ಸವೆದಿದೆ ಅಂದರು ಒಬ್ಬರು,
ಎಣ್ಣೆಯೇ ಕಲಬೆರಕೆ ಅಂದರು ಇನ್ನೊಬ್ಬರು.

ಅವಳು ಏನೂ ಅನ್ನಲಿಲ್ಲ.
ಹಲ್ಲುಚಕ್ರಗಳ ನೆತ್ತಿಗೆ ಅಡ್ಡ ಪಟ್ಟಿಯಿಟ್ಟು
ಗೇಜಿನ ಎಲೆಗಳನ್ನು ಒಂದೊಂದೇ ತೂರಿಸಿದಳು:
ತೆಳ್ಳಗಿನದು ಹೋಯಿತು,
ದಪ್ಪದ್ದೂ ಹೋಯಿತು,
ಎರಡು ಸೇರಿಸಿದರೂ ಹೋಯಿತು.

ಮುಚ್ಚಳದಡಿ ಗ್ಯಾಸ್ಕೆಟ್ಟು ಒಂದಲ್ಲ, ಎರಡು.
ಕತ್ತರಿ ಓಡಿದ ರೀತಿಯೇ ಹೇಳುತ್ತದೆ,
ಗಂಡ ಎವಾರಿಸ್ತೋನ ಕೈ.
ಸೋರದೆ ಇರಲಿ ಅಂತ
ಒಂದರ ಮೇಲೊಂದು ಹಾಕಿದ್ದ, ಪುಣ್ಯಾತ್ಮ.
ಹೊರಗೆ ಹನಿ ಬೀಳಲಿಲ್ಲ, ನಿಜ.
ಹಲ್ಲಿಗೆ ಸಿಗದೆ, ಕೂದಲೆಳೆಯ ಸಂದಿನಲ್ಲಿ
ಒಳಗೊಳಗೇ ಹಿಂದಕ್ಕೆ ಹರಿಯುತ್ತಿತ್ತು ಎಣ್ಣೆ,
ಇಷ್ಟು ವರ್ಷ.

ಒಂದನ್ನು ಕಿತ್ತು ಕಿಸೆಗೆ ಹಾಕಿಕೊಂಡಳು.
ಹಳೆಯ ಕಿಟಕಿಯ ಗಾಜಿಗೆ ಪೇಸ್ಟು ಸವರಿ
ಮುಚ್ಚಳದ ಗೀರು ಅಳಿಯುವವರೆಗೆ ಉಜ್ಜಿದಳು.
‘ಬಿಗಿ ಅಂದರೆ ದಪ್ಪ ಅಲ್ಲವೋ’
ಅಂದದ್ದು ನನಗೋ, ಅವನಿಗೋ.

ನೀರು ಪೂರಾ ಆರಿತ್ತು.
ಮತ್ತೆ ಕಾಯಿಸಲು ಎದ್ದೆ.